ಪ್ಯಾರಿಸ್ ಆದ ಮೇಲೆ ದೋರ್ದೋನ್ ನದಿ ದಂಡೆಯಲ್ಲಿ ನಾಲ್ಕಾರು ದಿನ ಸುಮ್ನೆ ಇದ್ದು ಬರೋಣ ಅಂತ. ಹೋದವರು ಹೇಳಿ

ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಾವ ಫ್ರಾನ್ಸ್‌ಗೆ ಹೊರಡುವುದು ಅಂತ ಆಗಿದೆ. ಪ್ಯಾರಿಸ್ ಹೇಗೂ ಇದ್ದೇ ಇದೆ. ಅದು ಮುಗಿದ ಮೇಲೆ ಬಸ್ಸು, ಮ್ಯೂಸಿಯಂ, ಕ್ಯೂ ಯಾವುದೂ ಬೇಡ, ಹಳ್ಳಿ ಕಡೆ ನದಿ ಪಕ್ಕ ಒಂದು ಹಳೇ ಮನೆಯಂಥ ಹೋಟೆಲ್ ಹಿಡಿದು ಇದ್ದು ಬರೋಣ ಎನ್ನುವುದು ಮಾವನ ಆಸೆ. ಅವರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು. ಅಟ್ಲಾಸ್ ಹರಡಿಕೊಂಡು ದೋರ್ದೋನ್ ನದಿಯನ್ನು ಆರಿಸಿದವರೂ ಅವರೇ.

ನನ್ನ ತಲೆಬಿಸಿ ಬೇರೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅತ್ತೆ ಮಾವ ಇಬ್ಬರೂ ಮೊಟ್ಟೆ ಸಹ ಮುಟ್ಟುವುದಿಲ್ಲ. ಬಲಗಡೆ ರಸ್ತೆಯಲ್ಲಿ ಕಾರು ಓಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಇಷ್ಟೆಲ್ಲ ಇಟ್ಟುಕೊಂಡು ಅಲ್ಲಿ ಆರಾಮಾಗಿ ಇರಲು ಆಗುತ್ತಾ? ಸಂಜೆ ಹೊತ್ತು ಬೇಜಾರಾಗುತ್ತಾ?

ಬಸವನಗುಡಿ ಬೈರಾಗಿ

ಹೋಗಿ ಬಂದಿದ್ದೇವೆ ಮೇಡಂ, ಕಳೆದ ವರ್ಷ ಮೇ ಕೊನೆಯಲ್ಲಿ. ಮೊದಲೇ ಒಂದು ಮಾತು. ಹೋಟೆಲ್ ಅಂದರೆ ರಾತ್ರಿ ಮಲಗುವ ಜಾಗ ಅಂದುಕೊಂಡು ದಿನಕ್ಕೊಂದು ಕೋಟೆ, ಒಂದು ಗುಹೆ ಅಂತ ಲಿಸ್ಟ್ ಹಾಕಿದರೆ ದುಡ್ಡು ದಂಡ. ಅಲ್ಲಿ ಆ ಮನೆ, ಆ ತೋಟ, ರಾತ್ರಿಯ ಆ ಊಟವೇ ಪ್ರವಾಸ. ಹಾಗಾಗಿ ಊಟ ಅಲ್ಲೇ ಕೊಡುವ ಹೋಟೆಲ್ ಹುಡುಕಿ. 'ದೆಮಿ ಪಾನ್ಸಿಯೋಂ' ಅಂತ ಬರೆದಿರುತ್ತಾರೆ. ಬೆಳಗಿನ ತಿಂಡಿ, ರಾತ್ರಿಯ ಊಟ ಎರಡೂ ಸೇರಿದ ದರ ಅದು.

ನಾವಿದ್ದದ್ದು ಬೆನಾಕ್ ಕೋಟೆಗೆ ಹತ್ತಿರ. ಜೇನುಬಣ್ಣದ ಸುಣ್ಣದ ಕಲ್ಲಿನ ಹಳೇ ಮನೆ, ಕಡಿದಾದ ಹೆಂಚಿನ ಚಾವಣಿ. ಹಿಂದೆ ಗುಡ್ಡ, ಮುಂದೆ ಹುಲ್ಲು, ಅದರ ಕೊನೆಗೆ ನದಿ. ವಾಲ್ನಟ್ ಮರಗಳ ಕೆಳಗೆ ಕುರ್ಚಿ ಹಾಕಿರುತ್ತಾರೆ. ಯಾರೂ ಬಂದು 'ಸರ್, ಇವತ್ತಿನ ಪ್ರೋಗ್ರಾಂ ಏನು' ಅಂತ ಕೇಳುವುದಿಲ್ಲ. ನನಗೆ ಮೊದಲ ದಿನ ಕೈಕಾಲು ಆಡಲಿಲ್ಲ. ನನ್ನ ಹೆಂಡತಿ ಮಾತ್ರ ಬಂದ ಗಳಿಗೆಯಲ್ಲೇ ಒಂದು ಕುರ್ಚಿ ಹಿಡಿದು ಕೂತವಳು ಊಟಕ್ಕೇ ಎದ್ದದ್ದು.

ಸಂಜೆ ಬಗ್ಗೆ ಕೇಳಿದಿರಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಏಳೂವರೆಗೆ ಊಟಕ್ಕೆ ಕೂತರೆ ಏಳುವಾಗ ಇನ್ನೂ ಬೆಳಕು. ಊಟ ಅನ್ನುವುದು ಅಲ್ಲಿ ಎರಡು ಗಂಟೆಯ ಕೆಲಸ. ಮೊದಲು ಒಂದು ಸಣ್ಣದು, ಆಮೇಲೆ ದೊಡ್ಡದು, ಆಮೇಲೆ ಚೀಸ್, ಆಮೇಲೆ ಸಿಹಿ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಹಾಗೆಯೇ, ಪಾಯಸ ಬರುವ ಮೊದಲು ಎದ್ದರೆ ಚೆನ್ನಾಗಿರುವುದಿಲ್ಲ.

ಮೆಟ್ಟಿಲಿನ ವಿಚಾರ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಇವೆಲ್ಲ ನೂರಾರು ವರ್ಷದ ಕಟ್ಟಡ. ಲಿಫ್ಟ್ ಇರುವುದು ಅಪರೂಪ. ಕೆಲವು ಕಡೆ ಗೋಪುರದೊಳಗೆ ಸುತ್ತು ಮೆಟ್ಟಿಲು. ಕೋಣೆ ಬುಕ್ ಮಾಡುವಾಗಲೇ 'ರೆ ದ ಶೋಸೆ' ಅಂದರೆ ನೆಲಮಹಡಿಯದೇ ಬೇಕು ಅಂತ ಬರೆಯಿರಿ. ಅವರು ಒಪ್ಪಿ ಉತ್ತರ ಬರೆದ ಮೇಲೆ ದುಡ್ಡು ಕಟ್ಟಿ. ಫ್ರಾನ್ಸ್‌ನಲ್ಲಿ 'ಮೊದಲನೇ ಮಹಡಿ' ಅಂದರೆ ನಮ್ಮ ಹಾಗೇ ಒಂದು ಹತ್ತಿದ ಮೇಲಿನದು.

ಕೆರೆ ಏರಿ

ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ವಿಮಾನ ಹತ್ತಿ, ಯೂರೋದಲ್ಲಿ ದುಡ್ಡು ಕೊಟ್ಟು, ನದಿ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದಾ? ಸೋಮವಾರಪೇಟೆ ಕಡೆ ಒಂದು ಹೋಂಸ್ಟೇಗೆ ಹೋದರೆ ನದಿಯೂ ಸಿಗುತ್ತೆ, ಅಕ್ಕಿ ರೊಟ್ಟಿಯೂ ಸಿಗುತ್ತೆ.

ಬಸವನಗುಡಿ ಬೈರಾಗಿ

@ಕೆರೆ ಏರಿ, ಅಕ್ಕಿ ರೊಟ್ಟಿ ಸಿಗುತ್ತೆ, ಒಪ್ಪಿದೆ. ಆದರೆ ಪಕ್ಕದ ಹೋಂಸ್ಟೇಯವರ ಸ್ಪೀಕರ್ ಸಹ ಜೊತೆಗೇ ಸಿಗುತ್ತೆ. ನಾವಿದ್ದ ಕಡೆ ರಾತ್ರಿ ಜೋರು ಸದ್ದು ಅಂದರೆ ಕಪ್ಪೆಗಳದ್ದು ಮಾತ್ರ.

ತುಲೂಸ್ ತುಮಕೂರು

ನಾನು ಇಲ್ಲೇ ತುಲೂಸ್‌ನಲ್ಲಿ ಇರುವವನು. ದೋರ್ದೋನ್ ಕಡೆಗೆ ನಮಗೆ ವಾರಾಂತ್ಯದ ಓಡಾಟ. ಕಾರಿಲ್ಲದೆ ಹೇಗೆ ಅನ್ನುವುದನ್ನು ಹೇಳುತ್ತೇನೆ.

ಪ್ಯಾರಿಸ್‌ನ ಮೋಂಪರ್ನಾಸ್ ನಿಲ್ದಾಣದಿಂದ ಬೋರ್ದೋಗೆ ಟಿಜಿವಿ ರೈಲು. 2017ರಲ್ಲಿ ಹೊಸ ಮಾರ್ಗ ಶುರುವಾದ ಮೇಲೆ ವೇಗದ ರೈಲಾದರೆ ಎರಡು ಗಂಟೆ ಚಿಲ್ಲರೆ ಸಾಕು. ಬೋರ್ದೋದಲ್ಲಿ ಇಳಿದು ಸಾರ್ಲಾ ಊರಿಗೆ ಹೋಗುವ ಟಿಇಆರ್ ಪ್ಯಾಸೆಂಜರ್ ಹತ್ತಿ. ಇದು ನಿಧಾನ, ಎರಡೂವರೆ ಗಂಟೆ ದಾಟುತ್ತದೆ. ಆದರೆ ಬೇಜಾರಿಲ್ಲ. ಸೇಂತೆಮಿಲಿಯೋಂ ದ್ರಾಕ್ಷಿ ತೋಟ, ಬೆರ್ಜರಾಕ್ ದಾಟಿ ಆಮೇಲೆ ಮತ್ತೆ ಮತ್ತೆ ನದಿ ಕಾಣುತ್ತದೆ. ತ್ರೆಮೋಲಾ, ಲ ಬ್ವಿಸೋಂ, ಸೇಂ ಸಿಪ್ರಿಯೇಂ ಇವೆಲ್ಲ ಆ ದಾರಿಯ ಸಣ್ಣ ನಿಲ್ದಾಣಗಳು. ಹೋಟೆಲ್ ಆರಿಸುವಾಗ ಇವುಗಳಲ್ಲಿ ಯಾವುದಕ್ಕೆ ಹತ್ತಿರ ಅಂತ ನೋಡಿ. ಕರೆದುಕೊಂಡು ಹೋಗಲು ಬರುತ್ತೀರಾ ಅಂತ ಮೊದಲೇ ಕೇಳಿ. ಬಹಳ ಹೋಟೆಲ್‌ಗಳವರು ತಾವು ಬರುತ್ತಾರೆ, ಇಲ್ಲವೇ ಊರಿನ ಟ್ಯಾಕ್ಸಿಯವರಿಗೆ ಹೇಳಿಡುತ್ತಾರೆ. ನಿಲ್ದಾಣದಲ್ಲಿ ಇಳಿದು ಆ್ಯಪ್‌ನಲ್ಲಿ ಟ್ಯಾಕ್ಸಿ ಹುಡುಕೋಣ ಅಂದರೆ ಅದು ನಡೆಯುವ ಮಾತಲ್ಲ. ಭಾನುವಾರವಂತೂ ನಿಲ್ದಾಣದಲ್ಲಿ ನರಪಿಳ್ಳೆ ಇರುವುದಿಲ್ಲ.

ಇನ್ನೊಂದು, ಹೋಟೆಲ್ ಬೇರೆ, 'ಶಾಂಬ್ರ್ ದೋತ್' ಬೇರೆ. ಎರಡನೆಯದು ಮನೆಯವರೇ ವಾಸ ಇರುವ ಮನೆಯ ಕೋಣೆಗಳು. ಕಾನೂನಿನ ಪ್ರಕಾರ ಐದು ಕೋಣೆ, 15 ಜನ, ಅದಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ತಿಂಡಿ ದರದಲ್ಲೇ ಸೇರಿರಬೇಕು. ರಾತ್ರಿ ಊಟ ಕೊಟ್ಟರೆ ಎಲ್ಲರಿಗೂ ಒಂದೇ ಅಡುಗೆ, ಮನೆಯವರ ಜೊತೆ ಒಂದೇ ಮೇಜು. ಮಾತುಗಾರರಿಗೆ ಸ್ವರ್ಗ. ಅತ್ತೆ ಮಾವನಿಗೆ ಫ್ರೆಂಚ್ ಬಾರದು, ಊಟದ ಪಥ್ಯ ಬೇರೆ ಇದೆ. ನಿಮಗೆ ಹೋಟೆಲ್ಲೇ ವಾಸಿ.

ಶರಾವತಿ ತೀರ

ಇಬ್ಬರಿಗೂ ತುಂಬಾ ಧನ್ಯವಾದ. ಸೇಂ ಸಿಪ್ರಿಯೇಂ ಹೆಸರು ಮಾವನಿಗೆ ಹೇಳಿದೆ, ಆಗಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ.

@ಕೆರೆ ಏರಿ ಅವರೇ, ನಿಮ್ಮ ಪ್ರಶ್ನೆಯನ್ನೂ ಓದಿ ಹೇಳಿದೆ. ಮಾವ ಅಂದರು, 'ಲಿಂಗನಮಕ್ಕಿ ಕಟ್ಟಿದ ಮೇಲೆ ನಮ್ಮ ಕಡೆ ನದಿ ಎಲ್ಲಿ ಉಳಿಯಿತು, ಹಿನ್ನೀರು ತಾನೇ ಉಳಿದದ್ದು? ಹರಿಯುವುದನ್ನು ಕೂತು ನೋಡಬೇಕು ನಾನು.' ಅವರ ತಾಯಿಯ ತವರೂರು ಮುಳುಗಡೆಯಲ್ಲಿ ಹೋಗಿದ್ದು. ಅದಕ್ಕೆ ನಾನು ಹೆಚ್ಚು ವಾದ ಮಾಡಲಿಲ್ಲ.

ಹಳೇ ಕೋಟೆ

ನಿಮ್ಮ ಮಾವನವರಿಗೆ ಇದನ್ನೂ ಹೇಳಿ. ದೋರ್ದೋನ್‌ಗೂ ಮೇಲ್ಭಾಗದಲ್ಲಿ ಅದೇ ಕತೆ. ಬೋರ್ ಲೆಝೋರ್ಗ್ ಅನ್ನುವಲ್ಲಿ 1950ರ ದಶಕದ ಶುರುವಿನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. ಹಳ್ಳಿಗಳು, ರೈಲು ದಾರಿ ಎಲ್ಲ ಮುಳುಗಿದವು. ವಾಲ್ ಅನ್ನುವ ಕೋಟೆ ಮೊದಲು ಬಂಡೆಯ ತುದಿಯಲ್ಲಿ ಎತ್ತರದಲ್ಲಿ ಇತ್ತು. ಈಗ ಹಿನ್ನೀರು ಅದರ ಬುಡಕ್ಕೇ ಬಂದು ನಿಂತಿದೆ. ಚಿತ್ರ ನೋಡಿದರೆ ನೀರಿನಲ್ಲೇ ಕಟ್ಟಿದ್ದಾರೆ ಅನ್ನಿಸುತ್ತದೆ. ದೊಡ್ಡ ಅಣೆಕಟ್ಟುಗಳೆಲ್ಲ ಮೇಲ್ಭಾಗದಲ್ಲಿ. ನೀವು ಹೋಗುವ ಸಾರ್ಲಾ ಆಸುಪಾಸಿನಲ್ಲಿ ನದಿ ಹರಿಯುತ್ತಲೇ ಇದೆ.

ಭೂಗೋಳದ ಮೇಷ್ಟ್ರು ಅಂದಿರಿ, ಅದಕ್ಕೆ ಇಷ್ಟು: ಫ್ರಾನ್ಸ್ ನಡುವಿನ ಎತ್ತರದ ಸೀಮೆ ಮಾಸಿಫ್ ಸೆಂಟ್ರಲ್‌ನ ಪುಯಿ ದ ಸಾನ್ಸಿ ಬೆಟ್ಟದಲ್ಲಿ ಹುಟ್ಟಿ, ಸುಮಾರು 480 ಕಿಲೋಮೀಟರ್ ಹರಿದು, ಬೋರ್ದೋ ಹತ್ತಿರ ಗರೋನ್ ನದಿಯನ್ನು ಸೇರುತ್ತದೆ. ಎರಡೂ ಸೇರಿ ಜಿರೋಂದ್ ಅಳಿವೆ. ಸಮುದ್ರದ ದೊಡ್ಡ ಉಬ್ಬರ ಬಂದಾಗ ಕೆಳದಂಡೆಯಲ್ಲಿ ಒಂದು ಅಲೆ ನದಿಯಲ್ಲಿ ಹಿಂದಕ್ಕೆ ಓಡುತ್ತದೆ, ಜನ ಅದರ ಮೇಲೆ ಸರ್ಫಿಂಗ್ ಮಾಡುತ್ತಾರೆ. ಇಡೀ ಜಲಾನಯನವನ್ನು 2012ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಅಂತ ಘೋಷಿಸಿತು.

ಇನ್ನು ಕೋಟೆಗಳು. ನೂರು ವರ್ಷದ ಯುದ್ಧದಲ್ಲಿ ಈ ನದಿಯೇ ಗಡಿ. ಬೆನಾಕ್ ಫ್ರೆಂಚರ ಕಡೆ. ಎದುರು ದಂಡೆಯ ಕಾಸ್ತೆಲ್ನೋ ಬಹಳ ಕಾಲ ಇಂಗ್ಲಿಷರ ಕಡೆ. ಒಂದರ ಗೋಡೆಯಿಂದ ಇನ್ನೊಂದು ಕಾಣುತ್ತದೆ. ಯುದ್ಧ ಮುಗಿದದ್ದೂ ಇದೇ ನದಿಯ ದಂಡೆಯಲ್ಲಿ, 1453ರ ಜುಲೈನಲ್ಲಿ, ಕಾಸ್ತಿಯೋಂ ಅನ್ನುವಲ್ಲಿ. ನಿಮ್ಮ ಟಿಇಆರ್ ರೈಲು ಆ ಊರಿನ ಮೇಲೇ ಹೋಗುತ್ತದೆ. ಫ್ರೆಂಚರ ತೋಪುಗಳ ಮುಂದೆ ಇಂಗ್ಲಿಷರ ದಂಡು ನಿಲ್ಲಲಿಲ್ಲ. ಆ ಮೇಲೆ...

ಹುಟ್ಟುಗೋಲು

ಹಳೇ ಕೋಟೆ ಸಾರ್, ಅವರು ರೆಸ್ಟ್ ಮಾಡೋಕೆ ಹೊರಟಿದ್ದಾರೆ, ಪರೀಕ್ಷೆಗೆ ಅಲ್ಲ 😄

ಹಳೇ ಕೋಟೆ

ಮಾವನವರು ಮೇಷ್ಟ್ರು ಅಂದರಲ್ಲ, ಸುಮ್ನಿರೋಕೆ ಆಗಲಿಲ್ಲ. ಸರಿ, ನಿಲ್ಲಿಸಿದೆ.

ಒಗ್ಗರಣೆ ಅಕ್ಕ

ಊಟದ ವಿಚಾರಕ್ಕೆ ನಾನು ಬರುತ್ತೇನೆ. ಯಾರೂ ಬಿಡಿಸಿ ಹೇಳುತ್ತಿಲ್ಲ.

ನೀವು ಹೋಗುವ ಕಡೆಗೆ ಪೆರಿಗೋರ್ ಅಂತಲೂ ಹೆಸರು. ಪೆರಿಗೋರ್ ಅಂದರೆ ಬಾತುಕೋಳಿಯ ಸೀಮೆ. ಅಲ್ಲಿನ ಅಡುಗೆಗೆ ಎಣ್ಣೆ, ತುಪ್ಪ ಎಲ್ಲ ಬಾತುಕೋಳಿಯ ಕೊಬ್ಬು. ನೋಡಲು ಬರೀ ಆಲೂಗಡ್ಡೆ, ಬೆಳ್ಳುಳ್ಳಿ, ಕೊತ್ತಂಬರಿಯಂಥ ಸೊಪ್ಪು. ಹೆಸರು 'ಪೊಮ್ ಸಾರ್ಲಾದೇಸ್'. ಹುರಿದಿರುವುದು ಮಾತ್ರ ಅದೇ ಕೊಬ್ಬಿನಲ್ಲಿ. 'ತೂರೇಂ' ಅಂತ ಬೆಳ್ಳುಳ್ಳಿ ಸಾರು ಕೊಡುತ್ತಾರೆ. ಅದರಲ್ಲೂ ಕೊಬ್ಬು, ಮೊಟ್ಟೆ ಎರಡೂ ಇರುತ್ತದೆ. ಪೆರಿಗೋರ್ ಸಲಾಡ್ ಅಂದರೆ ಎಲೆಯ ಕೆಳಗೆ ಬಾತುಕೋಳಿಯ ಗಿಜರ್ಡ್, ಅಂದರೆ ಹೊಟ್ಟೆಯ ಮಾಂಸ ಇರುತ್ತದೆ. 'ವೆಜಿಟೇರಿಯನ್' ಅಂತ ಒಂದೇ ಮಾತು ಹೇಳಿದರೆ ಕೆಲವರು ಮೀನು ತಂದಿಡುತ್ತಾರೆ. ಅವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಅದಕ್ಕೆ ಬಿಡಿಬಿಡಿಯಾಗಿ ಹೇಳಬೇಕು. 'ನಿ ವಿಯಾಂದ್, ನಿ ಪ್ವಾಸೋಂ, ನಿ ಅಫ್' ಅಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. 'ಸಾಂ ಗ್ರೆಸ್ ದ ಕನಾರ್' ಅಂದರೆ ಬಾತುಕೋಳಿಯ ಕೊಬ್ಬು ಹಾಕಬೇಡಿ. ಇದನ್ನು ಬರೆದು ವಾರ ಮೊದಲೇ ಹೋಟೆಲಿಗೆ ಇಮೇಲ್ ಮಾಡಿ. ಊಟಕ್ಕೆ ಕೂತ ಮೇಲೆ ಹೇಳಿದರೆ ಅಡುಗೆಯವರಿಗೂ ಕಷ್ಟ, ನಿಮಗೆ ಬೇಯಿಸಿದ ಹುರುಳಿಕಾಯಿ ಮಾತ್ರ. ಮೊದಲೇ ಗೊತ್ತಾದರೆ ಅವರು ಮನಸ್ಸಿಟ್ಟು ಮಾಡುತ್ತಾರೆ. ನಮಗೆ ಒಂದು ರಾತ್ರಿ ಅಣಬೆ ಹಾಕಿದ ಅನ್ನ ಮಾಡಿದ್ದರು. ಮೇಲೆ ವಾಲ್ನಟ್ ಎಣ್ಣೆ. ಇವತ್ತಿಗೂ ಬಾಯಲ್ಲಿ ನೀರೂರುತ್ತದೆ.

ಚೀಸ್ ಬಗ್ಗೆ ಕಟ್ಟುನಿಟ್ಟು ಇರುವವರಿಗೆ ಒಂದು ಸೂಚನೆ. ಅಲ್ಲಿನ ಹಳೇ ಪದ್ಧತಿಯ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅತ್ತೆ ಮಾವ ಒಪ್ಪದಿದ್ದರೆ ಚೀಸ್ ತಟ್ಟೆ ಬಿಟ್ಟುಬಿಡಿ. ಸಿಹಿಯಲ್ಲಿ ವಾಲ್ನಟ್ ಕೇಕ್‌ಗೆ ಮೊಟ್ಟೆ ಇದ್ದೇ ಇರುತ್ತದೆ. ಸೋರ್ಬೆ ಅಂತ ಹಣ್ಣಿನ ರಸದ ಐಸ್ ಕೊಡುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಆದರೂ ಕೇಳಿ. ಜೂನ್ ಅಂದರೆ ಪೆರಿಗೋರ್ ಸ್ಟ್ರಾಬೆರಿ ಕಾಲ. ಅದೊಂದು ಬಟ್ಟಲು ಬಂದರೆ ಅತ್ತೆ ಬೇರೆ ಏನೂ ಕೇಳುವುದಿಲ್ಲ.

ಶರಾವತಿ ತೀರ

ಅಕ್ಕ, ನಿಮ್ಮ ಫ್ರೆಂಚ್ ಸಾಲುಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಮನೆಯಿಂದ ಏನು ತೆಗೆದುಕೊಂಡು ಹೋಗಬಹುದು? ಅತ್ತೆ ಆಗಲೇ ತುಪ್ಪ, ಕರದಂಟು, ಚಟ್ನಿಪುಡಿ ಎಲ್ಲ ಲೆಕ್ಕ ಹಾಕುತ್ತಿದ್ದಾರೆ.

ಒಗ್ಗರಣೆ ಅಕ್ಕ

ತುಪ್ಪ ಬೇಡವೇ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಕೈಯಲ್ಲಿ ತರುವ ಹಾಗಿಲ್ಲ. ಧಾರವಾಡ ಪೇಡ, ಮೈಸೂರು ಪಾಕ್ ಕೂಡ ಬಿಡಿ. ಕರದಂಟು ತುಪ್ಪದ್ದಾದರೆ ಅದನ್ನೂ ಬಿಡಿ. ಹಸಿ ಕರಿಬೇವು, ಮಾವಿನಹಣ್ಣು ತರಲು ಸರ್ಟಿಫಿಕೇಟ್ ಬೇಕು. ತಮಾಷೆ ಅಂದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ಬೇಡ. ಚಟ್ನಿಪುಡಿ, ಎಣ್ಣೆಯ ಉಪ್ಪಿನಕಾಯಿ, ಅವಲಕ್ಕಿ ಇದ್ದರೆ ಸಾಕು.

ಮೊಸರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಮ್ಮದಕ್ಕಿಂತ ಹುಳಿ ಕಮ್ಮಿ. ಅನ್ನ ಕೇಳಿದರೆ ಹೋಟೆಲಲ್ಲಿ ಬೇಯಿಸಿ ಕೊಡುತ್ತಾರೆ. ಉಳಿದದ್ದು ನಿಮ್ಮ ಅತ್ತೆಗೆ ಹೇಳಿಕೊಡಬೇಕಾ? ಕೋಣೆಯಲ್ಲಿ ಮಾತ್ರ ಒಲೆ ಹಚ್ಚಿ ಒಗ್ಗರಣೆ ಹಾಕಬೇಡಿ. ಹೊಗೆ ಅಲಾರಂ ಕೂಗಿಕೊಳ್ಳುತ್ತದೆ, ಮರದ ತೊಲೆಯ ಮನೆ ಬೇರೆ.

ಕೆರೆ ಏರಿ

ಸರಿ, ಕೋಣೆಗೆ ಎಷ್ಟು? ಯಾರಾದರೂ ಬಾಯಿ ಬಿಟ್ಟು ಹೇಳಿ.

ಬಸವನಗುಡಿ ಬೈರಾಗಿ

ಮೂರು ಸ್ಟಾರ್‌ನ ಹಳ್ಳಿ ಹೋಟೆಲ್‌ಗಳಲ್ಲಿ ನಾವು ನೋಡಿದ್ದು ಇಬ್ಬರ ಕೋಣೆಗೆ ರಾತ್ರಿಗೆ ನೂರರಿಂದ ನೂರೆಂಬತ್ತು ಯೂರೋ ಒಳಗೆ. ಕೋಟೆ, ಅರಮನೆ ಅಂತ ಹೆಸರಿಟ್ಟುಕೊಂಡವು ಅದರ ದುಪ್ಪಟ್ಟು, ಅದಕ್ಕೂ ಮೇಲೆ. ದರ ಕೋಣೆಗೆ. ತಿಂಡಿ ಸಾಮಾನ್ಯವಾಗಿ ಬೇರೆ ಬಿಲ್. ಒಬ್ಬೊಬ್ಬರಿಗೆ ರಾತ್ರಿಗೆ ಇಷ್ಟು ಅಂತ 'ತಾಕ್ಸ್ ದ ಸೆಜೂರ್', ಅಂದರೆ ತಂಗುವ ತೆರಿಗೆ ಹಾಕುತ್ತಾರೆ, ಅದು ಚಿಲ್ಲರೆ ದುಡ್ಡು. ಊಟದ ಬಿಲ್ಲಿನಲ್ಲಿ ಸರ್ವಿಸ್ ಸೇರಿಯೇ ಇರುತ್ತದೆ. ಟಿಪ್ಸ್ ಕೊಡಲೇಬೇಕು ಅಂತ ಇಲ್ಲ. ಕುಡಿಯಲು 'ಯುನ್ ಕರಾಫ್ ದೋ' ಅಂತ ಕೇಳಿ, ನಲ್ಲಿ ನೀರು ಜಗ್‌ನಲ್ಲಿ ಪುಕ್ಕಟೆ ತಂದಿಡುತ್ತಾರೆ. ಸುಮ್ನೆ 'ವಾಟರ್' ಅಂದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ.

ಇನ್ನು 'ನದಿ ದಂಡೆ' ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಈ ಕಣಿವೆಯಲ್ಲಿ ಗುಡ್ಡಕ್ಕೂ ನೀರಿಗೂ ನಡುವೆ ಜಾಗ ಕಡಿಮೆ. ಬಹಳ ಕಡೆ ರಸ್ತೆ ನದಿಯ ಪಕ್ಕದಲ್ಲೇ ಹೋಗುತ್ತದೆ, ಮನೆಗಳು ರಸ್ತೆಯ ಆಚೆ. ಲಾ ರೋಕ್ ಗಜಾಕ್ ಊರಿಗೆ ಊರೇ ಹಾಗೆ. ಬಂಡೆಗೆ ಅಂಟಿಕೊಂಡ ಮನೆಗಳು, ಮುಂದೆ ರಸ್ತೆ, ಆಮೇಲೆ ನದಿ. ಫೋಟೊದಲ್ಲಿ ರಸ್ತೆ ಕಾಣುವುದಿಲ್ಲ. ನಾವು ಮೊದಲ ರಾತ್ರಿ ಬೇರೆ ಒಂದು ಹೋಟೆಲಲ್ಲಿ ಇದ್ದೆವು, ಹೆಸರು ಬೇಡ. 'ರಿವರ್ ವ್ಯೂ' ಅಂತ ದುಡ್ಡು ಜಾಸ್ತಿ ತೆಗೆದುಕೊಂಡಿದ್ದರು. ನದಿ ಕಾಣುತ್ತಿದ್ದದ್ದು ಬಚ್ಚಲುಮನೆಯ ಕಿಟಕಿಯಿಂದ. ಬೆಳಗ್ಗೆ ಹಲ್ಲುಜ್ಜುವಷ್ಟು ಹೊತ್ತು ನಮ್ಮದು ರಿವರ್ ವ್ಯೂ. ಉಪಗ್ರಹದ ನಕ್ಷೆ ತೆಗೆದು, ಮನೆಗೂ ನೀರಿಗೂ ನಡುವೆ ಹಸಿರು ಇದೆಯೋ ಡಾಂಬರು ಇದೆಯೋ ನೋಡಿಕೊಂಡು ಬುಕ್ ಮಾಡಿ.

ಹುಟ್ಟುಗೋಲು

ನದಿ ಪಕ್ಕ ಹೋಗಿ ನೀರಿಗೆ ಇಳಿಯದೆ ಬರುವುದು ನನಗೆ ಸಮಾಧಾನ ಇಲ್ಲ. ಅಲ್ಲಿ ದೋಣಿ ಬಾಡಿಗೆಗೆ ಕೊಡುವವರು ಬೇಕಾದಷ್ಟು ಜನ. ಹರಿವಿನ ಜೊತೆ ಕೆಳಕ್ಕೆ ಹೋಗುವುದಷ್ಟೇ. ಹತ್ತುವ ಜಾಗಕ್ಕೋ ಇಳಿದ ಜಾಗದಿಂದಲೋ ಅವರದೇ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ವಿತ್ರಾಕ್ ಕಡೆಯಿಂದ ಹೊರಟು ಬೆನಾಕ್ ತನಕ ಬಂದರೆ ಚಂದದ ಭಾಗವೆಲ್ಲ ಆಗುತ್ತದೆ. ಲಾ ರೋಕ್ ಗಜಾಕ್ ಬಂಡೆ, ಎಡದಂಡೆಯಲ್ಲಿ ಕಾಸ್ತೆಲ್ನೋ, ಬಲಕ್ಕೆ ಬೆನಾಕ್. ಈಜು ಬರಲೇಬೇಕು. ಲೈಫ್ ಜಾಕೆಟ್ ಅವರೇ ಕೊಡುತ್ತಾರೆ. ಮಳೆ ಬಂದ ಮೇಲೆ, ಮೇಲಿನಿಂದ ನೀರು ಬಿಟ್ಟ ಮೇಲೆ ಹರಿವು ಜೋರಾಗುತ್ತದೆ. ಆ ದಿನ ಅವರು ಬೇಡ ಅಂದರೆ ಬೇಡ, ಚೌಕಾಶಿ ಮಾಡಬೇಡಿ.

ಹಿರಿಯರಿಗೆ ಗಬಾರ್ ಇದೆ. ಹಳೇ ಕಾಲದ ಸರಕಿನ ದೋಣಿಯ ಹಾಗೆ ಮಾಡಿದ ಅಗಲದ ಮರದ ದೋಣಿ. ಲಾ ರೋಕ್ ಗಜಾಕ್‌ನಿಂದ ಒಂದು ಗಂಟೆಯ ಸುತ್ತು, ಬೆಂಚಿನ ಮೇಲೆ ಕೂತಿದ್ದರೆ ಸಾಕು.

ಹಳೇ ಕೋಟೆ

ಒಂದೇ ಒಂದು ಸೇರಿಸುತ್ತೇನೆ, ಬೈಯಬೇಡಿ. ಆ ಗಬಾರ್‌ಗಳಲ್ಲಿ ಮೇಲಿನ ಕಾಡಿನ ಓಕ್ ಮರ ಪೀಪಾಯಿ ಮಾಡಲೆಂದು ಕೆಳಗಿನ ವೈನ್ ಸೀಮೆಗೆ ಹೋಗುತ್ತಿತ್ತು. ವಾಪಸ್ ಬರುವಾಗ ಉಪ್ಪು. ಆದರೆ ಮೇಲ್ಭಾಗದ ಅರ್ಜಾಂತಾ ಊರಿನ ಕಡೆಯಿಂದ ಬಂದ ಬಹಳ ದೋಣಿಗಳು ವಾಪಸ್ ಹೋಗುತ್ತಲೇ ಇರಲಿಲ್ಲ. ಹರಿವಿಗೆ ಎದುರಾಗಿ ಅಷ್ಟು ದೂರ ಎಳೆಯುವುದು ಯಾರಿಗೆ ಬೇಕು? ಅಲ್ಲೇ ಒಡೆದು ಮರ ಮಾರಿ, ದೋಣಿಯವರು ನಡೆದು ಊರು ಸೇರುತ್ತಿದ್ದರು. ರೈಲು ಬಂದ ಮೇಲೆ ಆ ಕಸುಬೇ ನಿಂತಿತು.

ಹುಟ್ಟುಗೋಲು

ಇದು ಗೊತ್ತಿರಲಿಲ್ಲ ಸಾರ್. ಈ ಸಲ ಬೈಯಲ್ಲ.

ಶರಾವತಿ ತೀರ

ಆದಿಮಾನವರು ಗೋಡೆಯ ಮೇಲೆ ಚಿತ್ರ ಬರೆದ ಲಾಸ್ಕೋ ಗುಹೆ ಬಗ್ಗೆ ಯಜಮಾನರು ಕೇಳುತ್ತಿದ್ದಾರೆ. ಇಷ್ಟು ಹತ್ತಿರ ಹೋಗಿ ಬಿಟ್ಟು ಬರುವುದಾ ಅಂತ. ಬೈರಾಗಿ ಅವರು ಲಿಸ್ಟ್ ಬೇಡ ಅಂದಿದ್ದಾರೆ, ಮನೆಯಲ್ಲಿ ಈಗ ಎರಡು ಪಕ್ಷ ಆಗಿದೆ.

ತುಲೂಸ್ ತುಮಕೂರು

ಒಂದು ಅರ್ಧ ದಿನ ಕೊಡಿ, ತಪ್ಪಿಲ್ಲ. ಮೂಲ ಗುಹೆ ನೋಡಲು ಆಗುವುದಿಲ್ಲ. 1940ರಲ್ಲಿ ಊರಿನ ಹುಡುಗರಿಗೆ ಸಿಕ್ಕಿದ್ದು. ಜನ ನುಗ್ಗಿ, ಅವರ ಉಸಿರಿನಿಂದ ಗೋಡೆಯ ಚಿತ್ರ ಹಾಳಾಗಲು ಶುರುವಾಗಿ 1963ರಲ್ಲಿ ಮುಚ್ಚಿದರು. ಈಗ ಮೋಂತಿನ್ಯಾಕ್‌ನಲ್ಲಿ 2016ರ ಕೊನೆಗೆ ತೆರೆದ ಲಾಸ್ಕೋ 4 ಇದೆ. ಪೂರ್ತಿ ಗುಹೆಯ ನಕಲು. ನಕಲು ಅಂತ ಮೂಗು ಮುರಿಯಬೇಡಿ, ಒಳಗೆ ತಂಪಿಗೇ ಮೈ ಜುಂ ಅನ್ನುತ್ತದೆ. ಟಿಕೆಟ್ ಆನ್‌ಲೈನಲ್ಲಿ ಮೊದಲೇ ತೆಗೆದುಕೊಳ್ಳಿ.

ಆದರೆ ಮಂಡಿ ನೋವಿನವರಿಗೆ ನನ್ನ ಆಯ್ಕೆ ರುಫಿನ್ಯಾಕ್ ಗುಹೆ. ಅದು ನಿಜವಾದ ಗುಹೆ, ಒಳಗೆ ಸಣ್ಣ ವಿದ್ಯುತ್ ರೈಲಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಗೋಡೆ, ಚಾವಣಿ ತುಂಬಾ ಮ್ಯಾಮತ್ ಆನೆಗಳ ಚಿತ್ರಗಳು. ನಿಮ್ಮ ಅತ್ತೆಗೆ ಆನೆ ಅಂದರೆ ಖುಷಿ ಆಗಬಹುದು. ಒಳಗೆ ಚಳಿ, ಶಾಲು ಇರಲಿ.

ಬಸವನಗುಡಿ ಬೈರಾಗಿ

ಸರಿ, ಒಂದು ಗುಹೆ, ಒಂದು ದೋಣಿ. ಅದಕ್ಕಿಂತ ಜಾಸ್ತಿ ಹಾಕಿಕೊಂಡರೆ ನಾನು ಜವಾಬ್ದಾರನಲ್ಲ. ಉಳಿದ ದಿನ ಕುರ್ಚಿ.

ಶನಿವಾರ ಅಲ್ಲಿದ್ದರೆ ಬೆಳಗ್ಗೆ ಸಾರ್ಲಾ ಸಂತೆಗೆ ಟ್ಯಾಕ್ಸಿಯಲ್ಲಿ ಹೋಗಿ ಬನ್ನಿ. ಬುಧವಾರವೂ ಇರುತ್ತದೆ, ಶನಿವಾರ ದೊಡ್ಡದು. ಹಣ್ಣು, ಬ್ರೆಡ್, ವಾಲ್ನಟ್ ತಂದರೆ ಮಧ್ಯಾಹ್ನದ ಊಟ ನದಿ ಪಕ್ಕದಲ್ಲೇ ಆಯಿತು. ಅಲ್ಲೊಂದು ಹಳೇ ಚರ್ಚ್ ಇದೆ, ಈಗ ಒಳಗೆ ಅಂಗಡಿಗಳು. ಅದಕ್ಕೆ ಮುಗಿಲು ಮುಟ್ಟುವ ಉಕ್ಕಿನ ಬಾಗಿಲು ಮಾಡಿದವರು ವಾಸ್ತುಶಿಲ್ಪಿ ಜಾಂ ನೂವೆಲ್, ಅವರು ಬೆಳೆದದ್ದು ಅದೇ ಊರಿನಲ್ಲಿ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು 'ಬೋಂಜೂರ್' ಅನ್ನಿ. ಅದನ್ನು ಬಿಟ್ಟು ನೇರ ರೇಟ್ ಕೇಳಿದರೆ ಮುಖ ಗಂಟು ಹಾಕುತ್ತಾರೆ.

ಕೆರೆ ಏರಿ

ಜೂನ್‌ನಲ್ಲಿ ಎಸಿ ಇರುತ್ತಾ? ಯುರೋಪಿನಲ್ಲಿ ಸೆಕೆ ಅಂತ ಪೇಪರಿನಲ್ಲಿ ಓದುತ್ತಿರುತ್ತೇನೆ.

ತುಲೂಸ್ ತುಮಕೂರು

ಒಳ್ಳೆ ಪ್ರಶ್ನೆ. ಹಳೇ ಮನೆಗಳಲ್ಲಿ ಎಸಿ ಇರುವುದು ಕಮ್ಮಿ. ಬಿಸಿಗಾಳಿ ಎದ್ದ ವಾರ 40 ಡಿಗ್ರಿ ಹತ್ತಿರ ಹೋಗುವುದೂ ಉಂಟು. ಗೋಡೆ ದಪ್ಪ, ಅದೇ ಕಾಪಾಡುವುದು. ಬೆಳಗ್ಗೆ ಬಿಸಿಲು ಏರುವ ಮೊದಲು ಕೆಲಸದವರು ಬಂದು ಮರದ ಹೊರಕದ ಮುಚ್ಚಿಬಿಡುತ್ತಾರೆ. ನಮ್ಮವರು 'ಗಾಳಿ ಬರಲಿ' ಅಂತ ಮತ್ತೆ ತೆರೆದಿಟ್ಟು ಕೋಣೆಯನ್ನು ಕುಲುಮೆ ಮಾಡಿಕೊಳ್ಳುತ್ತಾರೆ. ಹಗಲು ಮುಚ್ಚಿ, ರಾತ್ರಿ ತೆರೆಯಿರಿ. ನದಿ ಪಕ್ಕ ಸೊಳ್ಳೆ ಇದೆ, ಕಿಟಕಿಗೆ ಜಾಲರಿ ಇರುವುದಿಲ್ಲ. ಓಡೋಮಾಸ್ ಇಟ್ಟುಕೊಳ್ಳಿ. ಕೆಟಲ್ ಕೂಡ ಎಲ್ಲ ಕೋಣೆಯಲ್ಲಿ ಇರುವುದಿಲ್ಲ, ಕಾಫಿ ಗಿರಾಕಿಗಳು ಒಂದು ಸಣ್ಣದು ತೆಗೆದುಕೊಂಡು ಹೋಗಿ.

ಜೂನ್ ಆರಿಸಿದ್ದು ಒಳ್ಳೆಯದಾಯಿತು. ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಕಣಿವೆಯ ಕ್ಯಾಂಪಿಂಗ್ ಜಾಗಗಳೆಲ್ಲ ತುಂಬಿ, ನದಿ ಪೂರ್ತಿ ಬಣ್ಣಬಣ್ಣದ ದೋಣಿ. ಚಳಿಗಾಲದಲ್ಲಿ ಹೋದರೆ ಅರ್ಧಕ್ಕರ್ಧ ಹೋಟೆಲ್ ಬಾಗಿಲು ಹಾಕಿರುತ್ತವೆ.

ಹಿಂದಿನ ಬೆಂಚು

ವೀಸಾ ಬಗ್ಗೆ ಯಾರೂ ಹೇಳಿಲ್ಲ. ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾ ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಫೀಸ್ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದವರ ಚಾರ್ಜ್ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಉಳಿಯುವ ಎಲ್ಲ ರಾತ್ರಿಗಳಿಗೂ ಬುಕಿಂಗ್ ತೋರಿಸಬೇಕು. ಸಣ್ಣ ಹೋಟೆಲ್‌ಗಳಲ್ಲಿ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇದೆಯಾ ಅಂತ ಓದಿಕೊಂಡು ಬುಕ್ ಮಾಡಿ.

ಶರಾವತಿ ತೀರ

ಎಲ್ಲರಿಗೂ ದೊಡ್ಡ ನಮಸ್ಕಾರ. ಸೇಂ ಸಿಪ್ರಿಯೇಂ ನಿಲ್ದಾಣಕ್ಕೆ ಹತ್ತಿರ ಒಂದು ಹೋಟೆಲ್ ಸಿಕ್ಕಿದೆ. ಅತ್ತೆ ಮಾವನಿಗೆ ನೆಲಮಹಡಿ ಕೋಣೆ ಕೊಡುತ್ತೇವೆ ಅಂತ ಬರೆದು ಕಳಿಸಿದ್ದಾರೆ. ಉಪಗ್ರಹದ ನಕ್ಷೆಯಲ್ಲಿ ಮನೆಗೂ ನದಿಗೂ ನಡುವೆ ಹುಲ್ಲೇ ಕಾಣುತ್ತಿದೆ, ಮಾವ ಭೂತಗನ್ನಡಿ ಹಿಡಿದು ಪರೀಕ್ಷೆ ಮಾಡಿದರು. ಅಕ್ಕ ಹೇಳಿಕೊಟ್ಟ ಹಾಗೆ ಊಟದ್ದೂ ಬರೆದೆ. 'ಬಾತುಕೋಳಿಯ ಕೊಬ್ಬೂ ಬೇಡವಾ?' ಅಂತ ಒಂದು ಉತ್ತರ ಬಂತು. ಪಾಪ, ಗಾಬರಿಯಾದ ಹಾಗಿದೆ. ಆಮೇಲೆ ಇನ್ನೊಂದು ಇಮೇಲ್‌ನಲ್ಲಿ ತರಕಾರಿ ಪಟ್ಟಿ ಕಳಿಸಿ ಯಾವುದು ಇಷ್ಟ ಅಂತ ಕೇಳಿದ್ದಾರೆ.

ಶನಿವಾರ ಹೋಗಿ ಬುಧವಾರ ಹೊರಡುವುದು. ಇನ್ನೇನಾದರೂ ಕೇಳುವುದು ಉಳಿದಿದೆಯಾ?

ಬಸವನಗುಡಿ ಬೈರಾಗಿ

ಉಳಿದಿದೆ. ಅವರ ಅಡುಗೆಮನೆಗೆ ವಾರದ ರಜೆ ಯಾವತ್ತು ಅಂತ ಕೇಳಿ. ಹಳ್ಳಿ ಹೋಟೆಲ್‌ಗಳಲ್ಲಿ ಕೋಣೆ ತೆರೆದಿರುತ್ತೆ, ಊಟಕ್ಕೆ ರಜೆ. ಬಹಳ ಕಡೆ ಭಾನುವಾರ ರಾತ್ರಿ ಇಲ್ಲ ಸೋಮವಾರ. ಎರಡೂ ನಿಮ್ಮ ದಿನಗಳಲ್ಲೇ ಬಿದ್ದಿವೆ. ಊರಿನ ಬೇರೆ ಹೋಟೆಲ್ ಸಹ ಅವತ್ತೇ ಮುಚ್ಚಿರಬಹುದು, ಕಾರೂ ಇಲ್ಲ. ಆ ರಾತ್ರಿಗೆ ಒಂದು ತಣ್ಣನೆ ತಟ್ಟೆ ಮಾಡಿಡುತ್ತೀರಾ ಅಂತ ಈಗಲೇ ಬರೆಯಿರಿ.

ಶರಾವತಿ ತೀರ

ಅಯ್ಯೋ, ಸೋಮವಾರ ರಜೆ ಅಂತ ಅವರ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ! ಇವತ್ತೇ ಬರೆಯುತ್ತೇನೆ. ಅತ್ತೆಗೆ ಹೇಳಿದೆ, 'ಅದಕ್ಕೇನು, ಅವತ್ತು ಅವಲಕ್ಕಿ' ಅಂದರು.